ಗುಮ್ಮಟಕ್ಕೆ ಹೊಗೆ ತಾಗಬಾರದು

ತಾಜ್ ಮಹಲಿಗೆ ಮುಲ್ತಾನಿ ಮಿಟ್ಟಿ ಹಚ್ಚು ಎಂದು ಮಾವ ಹೇಳಿದ ದಿನ ನನಗೆ ವಾಂತಿ ಬರುವುದೊಂದು ಬಾಕಿ ಇತ್ತು. ಕೈಯಲ್ಲಿ ಮಣ್ಣು ಕಲಸಿದ ಬೋಗುಣಿ, ಎದುರಿಗೆ ಊಟದ ಮೇಜಿನಷ್ಟು ಅಗಲದ ಅಮೃತಶಿಲೆಯ ತಾಜ್ ಮಹಲ್, ಪಕ್ಕದಲ್ಲಿ ಕುರ್ಚಿ ಹಾಕಿ ಕುಳಿತು ಉಸ್ತುವಾರಿ ಮಾಡುವ ಮಾವ. "ಅಲ್ಲಿ ಸ್ವಲ್ಪ ದಪ್ಪ ಇರ್ಲಿ ನಮಿತಾ, ಮಿನಾರಿನ ಬುಡದಲ್ಲಿ. ಒಣಗಿದ ಮೇಲೆ ತೊಳೆದ್ರೆ ಹಳದಿ ಎಲ್ಲ ಹೋಗ್ತದಂತೆ." ಆ ತಾಜ್ ತೀರಿಹೋದ ನನ್ನ ಅತ್ತೆಯ ನೆನಪಿಗೆ ಮಾಡಿಸಿದ್ದು. ಬದುಕಿದ್ದಾಗ ಬ್ಯೂಟಿ ಪಾರ್ಲರಿನ ಬಾಗಿಲು ಕಾಣದ ಹೆಂಗಸಿಗೆ ಸತ್ತ ಮೇಲೆ ಫೇಶಿಯಲ್, ಮಾಡುವವಳು ಸೊಸೆ.

ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ನನ್ನನ್ನೇ ಕೆಟ್ಟವಳು ಅಂದುಕೊಳ್ಳುತ್ತೀರಿ.

ನಮ್ಮದು ಸೂರತ್ತಿನ ಅಡಾಜಣ್‌ನಲ್ಲಿ ಒಂದು ಉಡುಪಿ ಹೋಟೆಲು. ಮೇಲೆ ಫ್ಲಾಟುಗಳು, ಕೆಳಗೆ ಅಂಗಡಿಗಳು, ಅವುಗಳ ಕೊನೆಯಲ್ಲಿ ನಾವು. ಹಜೀರಾಕ್ಕೆ ಹೋಗುವ ಕಂಪೆನಿ ಬಸ್ಸುಗಳು ನಮ್ಮ ಮೂಲೆಯಲ್ಲೇ ನಿಲ್ಲುವುದರಿಂದ ಬೆಳಿಗ್ಗೆ ಇಡ್ಲಿ ವಡೆಗೆ ಕಾಲಿಡಲು ಜಾಗ ಇರುವುದಿಲ್ಲ. ಮಾವ ದಾಮೋದರ ರಾಯರು ಬ್ರಹ್ಮಾವರದ ಕಡೆಯವರು. ಮೀಸೆ ಮೂಡುವ ಮೊದಲೇ ಇಲ್ಲಿಗೆ ಬಂದು, ಬೇರೆಯವರ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಸ್ವಂತದ್ದು ಮಾಡಿಕೊಂಡವರು. ದುಡಿಮೆಯ ವಿಷಯದಲ್ಲಿ ಅವರನ್ನು ಬೈಯಲು ನನಗೆ ಬಾಯಿಲ್ಲ. ಗಲ್ಲಾದ ಹಿಂದೆ ಅವರು, ಬಡಿಸುವುದು, ಸಾಮಾನು ತರುವುದು ಎಲ್ಲ ನನ್ನ ಗಂಡ ಗಣೇಶ, ದೋಸೆ ಕಾವಲಿಯ ಎದುರು ಮಾಧವಣ್ಣ. ಉಳಿದ ಅಡುಗೆಮನೆ ಪೂರ್ತಿ ಅತ್ತೆಯದು. ನಾನು ಕಾರ್ಕಳದಿಂದ ಮದುವೆಯಾಗಿ ಬಂದ ಮೇಲೆ ಅತ್ತೆಯದು ಮತ್ತು ನನ್ನದು.

ಆ ಅಡುಗೆಮನೆಗೆ ಕಿಟಕಿ ಇಲ್ಲ, ಹಿಂಬಾಗಿಲನ್ನು ಇಲಿ ನಾಯಿಗಳ ಕಾಟಕ್ಕೆ ಮುಚ್ಚಿಯೇ ಇಡಬೇಕು. ಗೋಡೆಯ ಮೇಲ್ತುದಿಯಲ್ಲಿ ಒಂದು ಜಾಲರಿ ಇದೆ, ಅದರ ತೂತುಗಳು ಎಣ್ಣೆ ಜಿಡ್ಡಿನಿಂದ ಎಂದೋ ಮುಚ್ಚಿಹೋಗಿವೆ. ಹೊಗೆ ಹೋಗಬೇಕಾದರೆ ಒಂದೇ ದಾರಿ, ಗಿರಾಕಿಗಳು ಕೂರುವ ಹಾಲಿಗೆ ತಟ್ಟೆ ದಾಟಿಸುವ ಕಂಡಿ. ಕಾವಲಿಯ ಹೊಗೆ, ವಡೆ ಬಾಣಲೆಯ ಹೊಗೆ, ಒಗ್ಗರಣೆಯ ಹೊಗೆ, ಎಲ್ಲ ಸೇರಿ ನಮ್ಮ ತಲೆಯ ಮೇಲೆ ಮೋಡದಂತೆ ನಿಂತು, ಆಮೇಲೆ ಮನಸ್ಸು ಬಂದರೆ ಆ ಕಂಡಿಯಿಂದ ಹೊರಗೆ. ಸಂಜೆಗೆ ನನ್ನ ಕೂದಲು ಹಿಂಡಿದರೆ ಎಣ್ಣೆ ಬರುತ್ತದೆ ಅನ್ನಿಸುತ್ತಿತ್ತು. ಮಗಳು ಸ್ವಾತಿ ಚಿಕ್ಕವಳಿದ್ದಾಗ ನನ್ನನ್ನು ತಬ್ಬಿಕೊಂಡು, "ಮಮ್ಮಾ, ತೂ ವಡಾ ಜೈಸಾ ವಾಸನೆ ಬರ್ತೀಯ" ಎಂದು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಒಂದು ಎಕ್ಸಾಸ್ಟ್ ಫ್ಯಾನು, ಅದಕ್ಕೊಂದು ಕೊಳವೆ. ಅತ್ತೆ ಕೇಳಿದ್ದು ಅಷ್ಟೇ. ಬಳೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. ನಾನು ಬಂದ ಹೊಸದರಲ್ಲೂ ಕೇಳುತ್ತಿದ್ದರು, ಸ್ವಾತಿ ಶಾಲೆಗೆ ಹೋಗತೊಡಗಿದಾಗಲೂ ಕೇಳುತ್ತಿದ್ದರು. ಮಾವನ ಹತ್ತಿರ ಎರಡು ಉತ್ತರಗಳಿದ್ದವು. ಒಂದು, "ಮೇಲಿನ ಫ್ಲಾಟಿನ ಸೊಸೈಟಿಯವರು ಗೋಡೆ ಒಡಿಲಿಕ್ಕೆ ಬಿಡುದಿಲ್ಲ." ಎರಡನೆಯದು ಅವರ ಮನಸ್ಸಿನದು. "ಒಗ್ಗರಣೆ ಪರಿಮಳ ಹಾಲಿಗೆ ಬರ್ಬೇಕು, ಹಾಲಿಂದ ರೋಡಿಗೆ ಹೋಗ್ಬೇಕು. ನಮ್ಮ ಬೋರ್ಡ್ ಅದೇ. ಫ್ಯಾನ್ ಹಾಕಿ ಪರಿಮಳ ಎಲ್ಲ ಹಿತ್ಲಿಗೆ ಬಿಸಾಡುದಾ? ಯಾರು ಬರ್ತಾರೆ ಮತ್ತೆ?" ಹೋಟೆಲು ನಡೆಸುವ ಹಳಬರಲ್ಲಿ ಇದೊಂದು ನಂಬಿಕೆ. ಇಂಗಿನ ವಾಸನೆ ಮೂಗಿಗೆ ಬಡಿದರೆ ಬಸ್ಸಿಗೆ ನಿಂತವನೂ ಒಳಗೆ ಬರುತ್ತಾನಂತೆ. ಬರುತ್ತಿದ್ದರು, ಸುಳ್ಳಲ್ಲ. ಆ ಪರಿಮಳದ ಹಿಂದುಗಡೆ ನಿಂತು ಒಬ್ಬಳು ಸೆರಗು ಬಾಯಿಗೆ ಒತ್ತಿ ಕೆಮ್ಮುತ್ತಿದ್ದುದು ರೋಡಿಗೆ ಕೇಳಿಸುತ್ತಿರಲಿಲ್ಲ.

ಕೊನೆಗೆ ಅತ್ತೆಯನ್ನು ತಾಪಿ ದಂಡೆಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಎಕ್ಸ್‌ರೇ ಹಿಡಿದ ಡಾಕ್ಟರು ಹಿಂದಿಯಲ್ಲಿ ಕೇಳಿದರು, ಇವರು ಬೀಡಿ ಸೇದುತ್ತಾರಾ? ಮಾವ ಸಿಟ್ಟಾದರು. "ಛೀ, ನಮ್ಮಲ್ಲಿ ಗಂಡಸರೂ ಸೇದುದಿಲ್ಲ." ಹಾಗಾದರೆ ಹೊಗೆ ಎಲ್ಲಿಯದು ಎಂದು ಡಾಕ್ಟರು ಕೇಳಿದಾಗ ಮಾವ ನನ್ನ ಮುಖ ನೋಡಿದರು. ನಾನು ಹೇಳಿದೆ. ಡಾಕ್ಟರು ಕಾಗದದ ಮೇಲೆ ಬರೆಯತೊಡಗಿದರು. ಅತ್ತೆ ಆ ವಾರವೇ ಹೋದರು. ಮಾವ ಎಷ್ಟು ಅತ್ತರೆಂದರೆ ಗಣೇಶನೂ ನಾನೂ ಹೆದರಿದೆವು. ನಾಟಕ ಅಲ್ಲ, ನಿಜವಾದ ಅಳು. ಅದಕ್ಕೇ ನನಗೆ ಆಮೇಲಿನದು ಇನ್ನೂ ಅಸಹ್ಯ.

ವೈಕುಂಠ ಸಮಾರಾಧನೆ ಮುಗಿಸಿ ಮಾವ ಇಲ್ಲಿಯ ಕನ್ನಡ ಸಂಘದವರ ಜೊತೆ ಕಾಶಿಗೆ ಹೋದರು. ಅಲ್ಲಿ ಪಿಂಡ ಹಾಕಿ ವಾಪಸು ಬರುವಾಗ ಬಸ್ಸು ಆಗ್ರಾದಲ್ಲಿ ನಿಂತಿತಂತೆ. ಕಾಶಿಯಲ್ಲಿ ಸಿಗದ ಸಮಾಧಾನ ಆಗ್ರಾದಲ್ಲಿ ಸಿಕ್ಕಿತು. ಮನೆಗೆ ಬಂದವರು ಗಂಗೆಯ ತಂಬಿಗೆಯನ್ನು ದೇವರ ಮುಂದೆ ಇಟ್ಟು, ಕೈಕಾಲು ತೊಳೆಯುವ ಮೊದಲೇ ತಾಜ್ ಮಹಲಿನ ಮಾತು ಸುರುಮಾಡಿದರು. ಅಲ್ಲಿಂದ ಅದು ನಿಲ್ಲಲಿಲ್ಲ. ಗಲ್ಲಾದಲ್ಲಿ ಕುಳಿತು ಮೊಬೈಲಿನಲ್ಲಿ ಹಿಂದಿ ವಿಡಿಯೋಗಳನ್ನು ನೋಡಿ ನೋಡಿ ಪಂಡಿತರಾದರು. ಬಿಲ್ಲು ಕೊಡಲು ಬಂದ ಗಿರಾಕಿಯನ್ನು ಹಿಡಿದು ನಿಲ್ಲಿಸುತ್ತಿದ್ದರು.

"ನಾಲ್ಕು ಮಿನಾರುಂಟಲ್ಲ, ಅದು ನೆಟ್ಟಗೆ ಇಲ್ಲ ಗೊತ್ತುಂಟಾ? ಸ್ವಲ್ಪ ಹೊರಗೆ ವಾಲಿದೆ. ಭೂಕಂಪ ಆಗಿ ಬಿದ್ರೂ ಹೊರಗೆ ಬೀಳ್ಬೇಕು, ರಾಣಿ ಮೇಲೆ ಬೀಳ್ಬಾರ್ದು. ಅಷ್ಟು ಆಲೋಚನೆ! ಬಾಗಿಲ ಸುತ್ತ ಅಕ್ಷರ ಕೆತ್ತಿದ್ದಾರೆ, ಮೇಲೆ ಹೋದ ಹಾಗೆ ಅಕ್ಷರ ದೊಡ್ಡದು ಮಾಡ್ತಾ ಹೋಗಿದ್ದಾರೆ. ಕೆಳಗೆ ನಿಂತವನಿಗೆ ಎಲ್ಲ ಒಂದೇ ಸಮ ಕಾಣ್ತದೆ. ಗುಮ್ಮಟ ಒಂದಲ್ಲ, ಎರಡು. ಒಳಗೊಂದು, ಅದರ ಮೇಲೆ ಹೊರಗೊಂದು. ಒಳಗೆ ಕಾಣುವ ಸಮಾಧಿ ಉಂಟಲ್ಲ, ಅದು ಖಾಲಿ. ನಿಜವಾದ್ದು ಕೆಳಗೆ, ಯಾರಿಗೂ ಕಾಣದ ಕೋಣೆಯಲ್ಲಿ."

ಒಂದು ದಿನ ಇನ್ನೊಂದು ಸಂಗತಿ ಸಿಕ್ಕಿ ಕುಣಿದಾಡುವಷ್ಟಾದರು. ಆ ರಾಣಿ ತೀರಿಕೊಂಡದ್ದು ಬುರ್ಹಾನ್‌ಪುರದಲ್ಲಿ, ನಮ್ಮ ಇದೇ ತಾಪಿ ನದಿಯ ದಂಡೆಯಲ್ಲಿ. ಮೊದಲು ಅಲ್ಲೇ ಮಣ್ಣು ಮಾಡಿ ಆಮೇಲೆ ಆಗ್ರಾಕ್ಕೆ ಒಯ್ದರಂತೆ. "ಕಂಡ್ಯಾ ನಮಿತಾ? ಅವಳೂ ತಾಪಿ ದಂಡೆಯಲ್ಲಿ, ಇವಳೂ ತಾಪಿ ದಂಡೆಯಲ್ಲಿ!" ಕಣ್ಣಲ್ಲಿ ನೀರು ಬೇರೆ.

"ಅವಳು ಹೇಗೆ ಸತ್ತದ್ದು ಮಾವ?" ಕೇಳಿದೆ.

"ಹೆರಿಗೆಯಲ್ಲಿ."

"ಎಷ್ಟನೇದು?"

"ಹದಿನಾಲ್ಕನೇದಂತೆ." ಹೇಳಿ ಮೊಬೈಲಿಗೆ ತಿರುಗಿದರು. ಹೆತ್ತು ಹೆತ್ತು ಸತ್ತವಳಿಗೆ ಒಂದು, ಕೆಮ್ಮಿ ಕೆಮ್ಮಿ ಸತ್ತವಳಿಗೆ ಒಂದು. ಹೋಲಿಕೆ ಸರಿಯಾಗಿಯೇ ಇತ್ತು, ಅವರು ನೋಡಿದ ಕಡೆಯಿಂದಲ್ಲ ಅಷ್ಟೇ.

ಅತ್ತೆಯ ವರ್ಷಾಂತಿಕಕ್ಕೆ ಮಾವ ರಾಜಸ್ಥಾನದ ಮಕ್ರಾಣಾ ಕಲ್ಲಿನಲ್ಲಿ ಮಾಡಿಸಿದ ತಾಜ್ ಬಂತು. ಹಾಲಿನಲ್ಲಿ ಫ್ಯಾಮಿಲಿ ಟೇಬಲ್ ತೆಗೆಸಿ, ಅಡುಗೆಮನೆಯ ಕಂಡಿಗೆ ಎದುರಾಗಿ ಕಟ್ಟೆ ಕಟ್ಟಿಸಿ ಕೂರಿಸಿದರು. ಸಂಘದವರು ಕೆಲವರು ಮೂಗು ಮುರಿದರು, ಊಟ ಮಾಡುವ ಜಾಗದಲ್ಲಿ ಗೋರಿಯಾ ಎಂದು. "ಗೋರಿ ಅಲ್ಲ ಮಾರ್ರೆ, ಪ್ರೀತಿ" ಎಂದರು ಮಾವ. ಪ್ರೀತಿ ಎನ್ನುವ ಶಬ್ದ ಅವರ ಬಾಯಿಂದ ಬಂದದ್ದು ನಾನು ಅದೇ ಮೊದಲು ಕೇಳಿದ್ದು.

ಅದು ಚೆಂದ ಇರಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಬೇಕು. ಅಷ್ಟು ಚೆಂದ ಇತ್ತು. ಗುಮ್ಮಟ ಬುಡದಲ್ಲಿ ತುಸು ಒಳಗೆ ಸರಿದು, ಆಮೇಲೆ ಉಬ್ಬಿ, ತುದಿಗೆ ಹೋಗುತ್ತಾ ಮೆಲ್ಲಗೆ ಸೇರುವುದನ್ನು ನೋಡುತ್ತಿದ್ದರೆ ಬೆರಳಿನಿಂದ ಸವರಬೇಕು ಅನ್ನಿಸುತ್ತಿತ್ತು. ಕಮಾನಿನ ಸುತ್ತ ಬಣ್ಣದ ಕಲ್ಲುಗಳನ್ನು ಕೂರಿಸಿ ಮಾಡಿದ ಬಳ್ಳಿ, ಒಂದೊಂದು ಎಸಳೂ ಉಗುರಿಗಿಂತ ಚಿಕ್ಕದು, ಸಂದಿಗೆ ಉಗುರು ತಾಗುತ್ತಿರಲಿಲ್ಲ. ಮಿನಾರುಗಳು ನಿಜವಾಗಿ ಹೊರಗೆ ವಾಲಿದ್ದವು. ಬೆಳಿಗ್ಗೆ ಶಟರ್ ಎತ್ತಿದಾಗ ಬೀಳುವ ಬಿಸಿಲಿಗೆ ಇಡೀ ಕಲ್ಲು ತೆಳು ಗುಲಾಬಿಯಾಗುತ್ತಿತ್ತು, ಮಧ್ಯಾಹ್ನ ಹಾಲಿನಂತೆ ಬಿಳಿ. ಗುಮ್ಮಟದ ಕೆಳಗೆ ಜಾಲಂದ್ರದ ಹಿಂದೆ ಒಂದು ಪುಟ್ಟ ಕೋಣೆ. ಅದರಲ್ಲಿ ಸಣ್ಣ ಬಲ್ಬು, ಅತ್ತೆಯ ಫೋಟೊ. ಬಗ್ಗಿ ನೋಡಿದರೆ ಮಾತ್ರ ಕಾಣಬೇಕು. ಬಲ್ಬು ಬದಲಿಸಲು ಹಿಂದುಗಡೆ ಕಲ್ಲಿನದೇ ಒಂದು ಬಾಗಿಲು. ಎದುರಿಗೆ ಕನ್ನಡದಲ್ಲೂ ಗುಜರಾತಿಯಲ್ಲೂ ಹೆಸರು ಕೆತ್ತಿಸಿದ್ದರು, ವಾರಿಜಾ. ಬದುಕಿದ್ದಾಗ ಮಾವ ಅವರನ್ನು ಕರೆಯುತ್ತಿದ್ದುದು "ಏ, ಕೇಳ್ತಾ" ಎಂದು. ಮದುವೆಯಾಗಿ ಬಂದ ಎಷ್ಟೋ ದಿನ ನನಗೆ ಅತ್ತೆಯ ಹೆಸರೇ ಗೊತ್ತಿರಲಿಲ್ಲ.

ನನಗೆ ಸಿಟ್ಟು ಬಂದದ್ದೂ ಅದಕ್ಕೇ. ಕುರೂಪವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು.

ಗಿರಾಕಿಗಳಿಗೆ ಹುಚ್ಚು ಹಿಡಿಯಿತು. ಒಂದು ಕೈಯಲ್ಲಿ ಸಾಂಬಾರಿನ ತಟ್ಟೆ, ಇನ್ನೊಂದು ಕೈಯಲ್ಲಿ ಮೊಬೈಲು, ಹಿಂದೆ ತಾಜ್. ಮದುವೆ ನಿಶ್ಚಯವಾದ ಜೋಡಿಗಳು ಬಂದು ಒಬ್ಬರ ಬಾಯಿಗೆ ಒಬ್ಬರು ದೋಸೆ ತುರುಕಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಒಬ್ಬಳು ಗುಜರಾತಿ ಬೇನ್ ತನ್ನ ಗಂಡನ ಭುಜಕ್ಕೆ ತಿವಿದು, "ದೇಖೋ, ಅಂಕಲ್ ಸೇ ಕುಛ್ ಸೀಖೋ" ಎಂದಳು, ಅಂಕಲ್ಲರನ್ನು ನೋಡಿ ಏನಾದರೂ ಕಲಿ ಎಂದು. ಮಾವ ನಾಚಿಕೊಂಡವರಂತೆ ತಲೆ ತಗ್ಗಿಸಿದರು. ಕಂಡಿಯಿಂದ ಇದನ್ನೆಲ್ಲ ನೋಡುತ್ತಾ ನಾನು ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದೆ. ಅವರ ನಾಚಿಕೆ ನೋಡಿ ಮೈಮೇಲೆ ಹಲ್ಲಿ ಬಿದ್ದಂತಾಯಿತು.

ಅಷ್ಟರಲ್ಲಿ ನನಗೂ ಕೆಮ್ಮು ಸುರುವಾಗಿತ್ತು. ಅತ್ತೆಯ ಕೆಮ್ಮು ಹೇಗಿತ್ತೋ ಹಾಗೇ, ಒಣ, ಕೊನೆಯಲ್ಲಿ ಒಂದು ಸಿಳ್ಳು. ಅದೇ ಡಾಕ್ಟರ ಹತ್ತಿರ ಹೋದೆ. ಈಗಲೇ ಹೊಗೆಯಿಂದ ಹೊರಗೆ ಬಂದರೆ ವಾಸಿಯಾಗುತ್ತದೆ, ಇಲ್ಲದಿದ್ದರೆ ನಿಮ್ಮ ಅತ್ತೆಯ ದಾರಿಯೇ ಎಂದು ಬಿಚ್ಚಿ ಹೇಳಿದರು. ನಾನು ಹೊರಗೆ ಬಂದರೆ ಅಲ್ಲಿ ನಿಲ್ಲುವವರು ಯಾರು? ಇನ್ನೊಬ್ಬ ಹೆಂಗಸು. ಮತ್ತೆ ಹೊಗೆ ಕೂರುವುದು ಅವಳ ಎದೆಯಲ್ಲಿ.

"ಅಪ್ಪನತ್ರ ನಾನು ಹೇಳ್ತೇನೆ" ಎಂದ ಗಣೇಶ. ಹೇಳಲಿಲ್ಲ. "ಈಗ ಬೇಡ ಮಾರಾಯ್ತಿ, ಅವ್ರು ದುಃಖದಲ್ಲಿದ್ದಾರೆ" ಎಂದ. ಆಮೇಲೆ, "ಈಗ ಬೇಡ, ಖುಷಿಯಲ್ಲಿದ್ದಾರೆ" ಎಂದ. ನನ್ನ ಗಂಡ ಒಳ್ಳೆಯವನು. ಅಪ್ಪನ ಎದುರು ಅವನ ಬಾಯಿ ತಿನ್ನಲಿಕ್ಕೆ ಮಾತ್ರ ತೆರೆಯುತ್ತದೆ.

ನಾನೇ ಕೇಳಿದೆ. ಮಾವ ಹಳೆಯ ಉತ್ತರವನ್ನೇ ಕೊಟ್ಟರು, ಸೊಸೈಟಿ ಬಿಡುವುದಿಲ್ಲ. "ಕಷಾಯ ಮಾಡಿ ಕುಡಿ" ಎಂದರು. ಅವರ ಧ್ಯಾನ ಬೇರೆ ಕಡೆ ಇತ್ತು. ತಾಜ್ ಹಳದಿಯಾಗುತ್ತಿತ್ತು.

ಮೊದಲು ಕಂಡಿಯ ಕಡೆಯ ಎರಡು ಮಿನಾರು, ಆಮೇಲೆ ಗುಮ್ಮಟದ ಅರ್ಧ. ಹಲ್ಲಿನ ಮೇಲೆ ಕೂರುತ್ತದಲ್ಲ, ಅಂಥ ಹಳದಿ. ಹತ್ತಿರ ಹೋದರೆ ಅಂಟು. ಬಳ್ಳಿಯ ಎಸಳುಗಳ ಸಂದಿಯಲ್ಲಿ ಕಂದು ಗೆರೆ. ನೊಣವೊಂದು ಕಮಾನಿಗೆ ಅಂಟಿಕೊಂಡು ಸತ್ತಿತ್ತು. ಮಾವ ಊಟ ಬಿಟ್ಟರು. ಅಗರಬತ್ತಿ ನಿಲ್ಲಿಸಿದರು, ಸಾಬೂನು ನೀರಿನಲ್ಲಿ ಒರೆಸಿದರು, ಗಿರಾಕಿಗಳು ಮುಟ್ಟದಂತೆ ಹಗ್ಗ ಕಟ್ಟಿಸಿದರು.

ಸ್ವಾತಿ ಮೊಬೈಲಿನಲ್ಲಿ ಹುಡುಕಿ ಹೇಳಿದಳು. "ಅಜ್ಜ, ರಿಯಲ್ ತಾಜ್ ಕೂಡ ಯೆಲ್ಲೋ ಆಗಿತ್ತು. ಪೊಲ್ಯೂಷನ್ ಸೇ. ಆಮೇಲೆ ಅವ್ರು ಮುಲ್ತಾನಿ ಮಿಟ್ಟೀ ಕಾ ಪ್ಯಾಕ್ ಹಾಕಿದ್ರು. ಹತ್ರ ಗಾಡಿ ಎಲ್ಲ ಬಂದ್, ಫ್ಯಾಕ್ಟರಿ ಭೀ ಬಂದ್ ಮಾಡಿದ್ರು."

ಮಾವ ಕೇಳಿಸಿಕೊಂಡದ್ದು ಮಣ್ಣಿನ ಮಾತು ಮಾತ್ರ. ಹೀಗೆ ಬೋಗುಣಿ ನನ್ನ ಕೈಗೆ ಬಂತು.

ಮಣ್ಣು ಒಣಗಿ ಬಿರುಕು ಬಿಟ್ಟ ಮೇಲೆ ಒದ್ದೆ ಬಟ್ಟೆಯಿಂದ ತೆಗೆದೆ. ಬಟ್ಟೆ ಹಿಂಡಿದಾಗ ಬಕೆಟ್ಟಿಗೆ ಇಳಿದದ್ದು ಕಂದು ನೀರು, ಮೇಲೆ ತೇಲುವ ಎಣ್ಣೆಯ ಕಣ್ಣುಗಳು. ಕಮಟು ವಾಸನೆ, ಹಳೆಯ ವಡೆ ಎಣ್ಣೆಯದು, ಸುಟ್ಟ ಸಾಸಿವೆಯದು. ನನಗೆ ಗೊತ್ತಿರುವ ವಾಸನೆ. ಅತ್ತೆಯ ತಲೆದಿಂಬಿನಲ್ಲಿ ಇದ್ದದ್ದು, ನನ್ನ ತಲೆದಿಂಬಿನಲ್ಲಿ ಇರುವುದು. ಬಕೆಟ್ಟನ್ನು ಎತ್ತಿ ಮಾವನ ಕುರ್ಚಿಯ ಮುಂದೆ ಇಟ್ಟೆ.

"ಮಾವ, ಇದು ಅಡುಗೆಮನೆ ಹೊಗೆ. ಕಲ್ಲಿನ ಮೇಲೆ ಇಷ್ಟು ಕೂತಿದ್ರೆ ಅತ್ತೆ ಎದೆಯಲ್ಲಿ ಎಷ್ಟಿತ್ತು ಆಲೋಚನೆ ಮಾಡಿ. ಈಗ ನನ್ನ ಎದೆಯಲ್ಲಿ ಕೂರ್ತಾ ಉಂಟು. ಫ್ಯಾನ್ ಹಾಕ್ಸಿ."

ಮಾವ ಬಕೆಟ್ಟಿನೊಳಗೆ ಬಹಳ ಹೊತ್ತು ನೋಡಿದರು. ಅರ್ಥವಾಯಿತು ಅಂದುಕೊಂಡೆ. "ಹೌದು, ಹೊಗೆಯೇ" ಎಂದರು ಕೊನೆಗೆ. "ಅಡುಗೆಮನೆ ಹೊಗೆ ಹಾಲಿಗೆ ಬರ್ಲಿಕ್ಕೇ ಬಿಡ್ಬಾರ್ದು."

ಎರಡು ದಿನದಲ್ಲಿ ಆಳು ಬಂದ. ಫ್ಯಾನು ಹಾಕುವವನಲ್ಲ, ಗಾಜಿನವನು. ಕಂಡಿಗೆ ದಪ್ಪ ಗಾಜಿನ ಜಾರುಬಾಗಿಲು ಕೂರಿಸಿ ಸುತ್ತ ರಬ್ಬರ್ ಪಟ್ಟಿ ಒತ್ತಿದ. ತಟ್ಟೆ ದಾಟಿಸುವಾಗ ಮಾತ್ರ ತೆರೆಯಬೇಕು, ಕೂಡಲೇ ಮುಚ್ಚಬೇಕು ಎಂದು ಅಪ್ಪಣೆಯಾಯಿತು. ಹೊಗೆಗೆ ಇದ್ದ ಒಂದೇ ದಾರಿಯೂ ಹೋಯಿತು. ರೋಡಿನ ಗಿರಾಕಿಗೆ ಬೇಕು ಎಂದಿದ್ದ ಪರಿಮಳವೂ ಈಗ ಮಾವನಿಗೆ ಬೇಡ. ಹೆಂಡತಿಗಾಗಿ ಬಿಡದ ನಂಬಿಕೆಯನ್ನು ಕಲ್ಲಿಗಾಗಿ ಬಿಟ್ಟರು. ಒಳಗೆ ನಾನೂ ಮಾಧವಣ್ಣನೂ ಕಣ್ಣು ಒರೆಸಿಕೊಳ್ಳುತ್ತಾ ಬೇಯುತ್ತಿದ್ದೆವು. ಗಾಜಿನ ಆಚೆ ತೊಳೆದ ತಾಜ್ ಫಳಫಳ ಹೊಳೆಯುತ್ತಿತ್ತು.

ಮರುದಿನವೇ ವಡೆ ಕರಿಯುತ್ತಿದ್ದವಳಿಗೆ ಉಸಿರು ಸಿಗದೆ ಬಾಣಲೆಯ ಪಕ್ಕ ಕುಸಿದೆ. ಮಾಧವಣ್ಣ ಹಿಂಬಾಗಿಲಿನಿಂದ ಹೊರಗೆ ಎಳೆದು ಕೂರಿಸಿ ನೀರು ಕೊಟ್ಟ. "ಅಕ್ಕ, ಬಾಣಲೆ ಮೇಲೆ ಬೀಳ್ತಿದ್ರಿ" ಎಂದ. ಗಣೇಶ ಓಡಿಬಂದ, ಬೆನ್ನು ಸವರಿದ, ಅಪ್ಪನ ಹತ್ತಿರ ಹೇಳುತ್ತೇನೆ ಎಂದ. ನನಗೆ ಅಳುವೂ ಬರಲಿಲ್ಲ. ಗಾಜಿನ ಆ ಬದಿಯಲ್ಲಿ ಮಾವ ಯಾರಿಗೋ ಮಿನಾರು ತೋರಿಸುತ್ತಿದ್ದರು, ಬಿದ್ದರೂ ರಾಣಿಯ ಮೇಲೆ ಬೀಳಬಾರದು ಎಂದು. ಹೇಸಿಗೆ ಎಂದರೆ ಏನೆಂದು ನನಗೆ ಆಗ ಸರಿಯಾಗಿ ಗೊತ್ತಾಯಿತು. ಅದು ಬರೀ ಗಂಟಲಿನಲ್ಲಿ ಇರುವುದಲ್ಲ, ಕೈಕಾಲಿಗೂ ಬರುತ್ತದೆ.

ಭಾನುವಾರ ನಮ್ಮಲ್ಲಿ ಸಾಂಬಾರು ಪುಡಿಗೆ ಮೆಣಸು ಹುರಿಯುವ ದಿನ. ಕರಾವಳಿಯ ಯಾವ ಅಡುಗೆಮನೆಯನ್ನಾದರೂ ಕೇಳಿ, ಒಣ ಮೆಣಸು ಹುರಿಯುವ ಘಾಟಿಗೆ ಪಕ್ಕದ ಮನೆಯವರೂ ಸೀನುತ್ತಾರೆ. ಹಾಲಿನಲ್ಲಿ ಜನ ತುಂಬಿದ್ದರು. ತಾಜಿನ ಮುಂದೆ ಒಂದು ಹೊಸ ಜೋಡಿ ನಿಂತು ನಗುತ್ತಿತ್ತು. ನಾನು ಸಣ್ಣ ಗ್ಯಾಸ್ ಒಲೆಯನ್ನು ಎತ್ತಿ ತಂದೆ. ಮಾಧವಣ್ಣ ಸಿಲಿಂಡರನ್ನು ತಾನಾಗಿಯೇ ಉರುಳಿಸಿಕೊಂಡು ಬಂದ. ಹಗ್ಗ ಸರಿಸಿ, ಕಟ್ಟೆಯ ಪಕ್ಕಕ್ಕೇ ಒಲೆ ಇಟ್ಟು, ದೊಡ್ಡ ಬಾಣಲೆ ಏರಿಸಿ, ಎಣ್ಣೆ ಬಿಟ್ಟು, ಮೆಣಸು ಸುರಿದೆ.

"ಅಣ್ಣಾ ನೇ ಲೈವ್ ಕೌಂಟರ್ ಚಾಲೂ ಕಿಯಾ ಕ್ಯಾ?" ಎಂದ ಯಾರೋ, ಕಣ್ಣೆದುರೇ ಮಾಡಿಕೊಡುವುದು ಸುರುವಾಯಿತು ಎಂದುಕೊಂಡು. ಅವನ ಮಾತು ಮುಗಿಯುವ ಮೊದಲೇ ಘಾಟು ಏರಿತು.

ಮೊದಲು ಆ ಜೋಡಿ ಕೆಮ್ಮಿತು. ಆಮೇಲೆ ಮೇಜು ಮೇಜಿಗೂ ಹರಡಿತು. ಜನ ತಟ್ಟೆ ಬಿಟ್ಟು ಎದ್ದರು, ಕುರ್ಚಿಗಳು ಬಿದ್ದವು, ಮೂಗಿಗೆ ಕರವಸ್ತ್ರ ಒತ್ತಿ ಶಟರಿನ ಕಡೆ ಓಡಿದರು. ಗಲ್ಲಾದ ಪಕ್ಕ ಕುಳಿತು ಹೋಮ್‌ವರ್ಕ್ ಮಾಡುತ್ತಿದ್ದ ಸ್ವಾತಿ ಕಣ್ಣು ಉಜ್ಜಿಕೊಳ್ಳುತ್ತಾ, "ಅಜ್ಜಾ!" ಎಂದು ಕೂಗಿ ಬಗ್ಗಿ ಕೆಮ್ಮತೊಡಗಿದಳು. ಮಾವ ಗಲ್ಲಾದಿಂದ ಎದ್ದರು. ಮೊಮ್ಮಗಳನ್ನು ಎತ್ತಿಕೊಳ್ಳಲು ಬರುತ್ತಿದ್ದಾರೆ ಎಂದುಕೊಂಡೆ. ಸ್ವಾತಿಯೂ ಹಾಗೇ ಅಂದುಕೊಂಡು ಕೈ ಚಾಚಿದಳು.

ಮಾವ ಅವಳನ್ನು ದಾಟಿ ಹೋದರು. ಹೆಗಲ ಶಾಲನ್ನು ಎಳೆದು ಗುಮ್ಮಟದ ಮೇಲೆ ಹಾಕಿದರು. ಶಾಲು ಸಾಲಲಿಲ್ಲ. ಕೈ ಎರಡೂ ಅಗಲಿಸಿ ಮೈಯಿಂದಲೇ ಅದನ್ನು ಮುಚ್ಚಲು ನೋಡಿದರು, ಕೆಮ್ಮುತ್ತಾ, ಮೂಗು ಸುರಿಸುತ್ತಾ. "ಕಲ್ಲು! ಕಲ್ಲು ಹಾಳಾಗ್ತದೆ ಮಾರಾಯ್ತಿ! ಒಲೆ ಆರ್ಸು!"

ಸ್ವಾತಿಯನ್ನು ಗಣೇಶ ಎತ್ತಿಕೊಂಡು ಹೊರಗೆ ಓಡಿದ. ಬಾಗಿಲಿನಲ್ಲಿ ತಿರುಗಿ ಅಪ್ಪನನ್ನು ಒಮ್ಮೆ ನೋಡಿದ. ಅಂಥ ನೋಟ ಅವನ ಮುಖದಲ್ಲಿ ನಾನು ಕಂಡಿರಲಿಲ್ಲ. ನನ್ನ ಮಗಳನ್ನು ಕೆಮ್ಮಿಸಿದ್ದಕ್ಕೆ ನನಗೆ ನೋವಾಯಿತು. ಒಲೆ ಆರಿಸಲಿಲ್ಲ.

"ಫ್ಯಾನ್ ಬರುವವರೆಗೆ ಮೆಣಸು ಹುರಿಯುದು ಇಲ್ಲೇ ಮಾವ" ಎಂದೆ. ನನ್ನ ಸ್ವರ ಸಿಳ್ಳಿನಂತೆ ಬರುತ್ತಿತ್ತು. "ವಡೆ ಕರಿಯುದೂ ಇಲ್ಲೇ, ಒಗ್ಗರಣೆಯೂ ಇಲ್ಲೇ. ದಿನಾ. ಪರಿಮಳ ರೋಡಿಗೆ ಹೋಗ್ಲಿ."

ಅವರು ನನ್ನನ್ನು ನೋಡಿದರು, ತಾಜನ್ನು ನೋಡಿದರು. ಅಂದು ಸಂಜೆಯೇ ಸೊಸೈಟಿಯ ಚೇರ್ಮನ್ನರನ್ನು ಕಾಣಲು ಹೊರಟರು. ಈ ಸಲ ಗಣೇಶ ತಾನೂ ಬರುತ್ತೇನೆ ಎಂದ. ಮರಳಿ ಬಂದವನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ. ಮುಖ ಬೂದಿಯಾಗಿತ್ತು.

"ಒಪ್ಪಿದ್ರಾ?" ಕೇಳಿದೆ.

"ಚಾ ಕುಡಿದು ಮುಗಿಯುವ ಮೊದ್ಲೇ ಒಪ್ಪಿದ್ರು. 'ತಾಜ್ ಮಾಟೆ? ಕರೀ ನಾಖೋ ನೆ' ಅಂದ್ರು. ತಾಜಿಗಾದ್ರೆ ಮಾಡಿ ಮುಗ್ಸಿ ಅಂತ." ಅವನು ಸ್ವಲ್ಪ ತಡೆದ. "ಮತ್ತೆ ಅಪ್ಪನತ್ರ ಕೇಳಿದ್ರು, 'ಪಹೇಲಾ ಕೇಮ್ ನ ಕೀಧು?' ಮೊದ್ಲೇ ಯಾಕೆ ಹೇಳ್ಲಿಲ್ಲ ಅಂತ. ಅಪ್ಪ ಒಂದ್ಸಲವೂ ಕೇಳಿರ್ಲೇ ಇಲ್ಲ ನಮಿತಾ. ಅಮ್ಮನಿಗೋಸ್ಕರ ಒಂದೇ ಒಂದ್ಸಲವೂ."

ಅವನು ಅಲ್ಲೇ ಅಕ್ಕಿ ಮೂಟೆಯ ಮೇಲೆ ಕುಳಿತು ಅತ್ತ. ಅಮ್ಮ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಫ್ಯಾನು ಬಂತು. ಒಲೆಗಳ ಮೇಲೆ ಉಕ್ಕಿನ ದೊಡ್ಡ ಚಿಮಣಿ, ಅದರಿಂದ ಕೊಳವೆ ಗೋಡೆ ದಾಟಿ ತಾರಸಿಯವರೆಗೆ. ಮಾವ ಒಳ್ಳೆಯ ದಿನ ನೋಡಿಸಿ, ಸಂಘದವರನ್ನು ಕರೆದು, ತೆಂಗಿನಕಾಯಿ ಒಡೆದರು, ಅಡುಗೆಮನೆಯಲ್ಲಲ್ಲ, ತಾಜಿನ ಮುಂದೆ. ಸ್ವಿಚ್ಚು ಒತ್ತಿದರು. ನಾನು ಒಳಗೆ ಕಾದ ಎಣ್ಣೆಗೆ ಸಾಸಿವೆ ಹಾಕಿದೆ. ಚಟಪಟ ಎಂದು ಎದ್ದ ಹೊಗೆ ನನ್ನ ಮುಖದ ಕಡೆ ಬಂದು, ಅಲ್ಲೇ ಬಾಗಿ, ನೇರ ಮೇಲಕ್ಕೆ ಹೋಯಿತು. ನಾನು ಉಸಿರು ಎಳೆದೆ. ತಡೆಯಿಲ್ಲದೆ ಒಳಗೆ ಹೋಯಿತು. ಇಷ್ಟು ಸುಲಭವಿತ್ತೇ ಎಂದು ಮೈಯೆಲ್ಲ ಹಗುರವಾಯಿತು, ಆ ಹಗುರವೇ ನನಗೆ ಅಸಹ್ಯವೂ ಆಯಿತು. ಇದು ನನಗಾಗಿ ಬಂದ ಗಾಳಿಯಲ್ಲ. ಅತ್ತೆಗಾಗಿಯೂ ಅಲ್ಲ.

ಹಾಲಿನಲ್ಲಿ ಮಾವ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು, "ವಾರಿಜಂಗೆ ಇನ್ನು ಹೊಗೆಯ ಉಪದ್ರ ಇಲ್ಲ ಮಾರ್ರೆ." ಜನ ಚಪ್ಪಾಳೆ ತಟ್ಟಿದರು. ಗಣೇಶ ತಟ್ಟಲಿಲ್ಲ. ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಬಂದ.

ಮರುವಾರ ತಾಜಿನ ಬಲ್ಬು ಹೋಯಿತು. ಬದಲಿಸುವ ಕೆಲಸ ನನ್ನದೇ. ಹಿಂದುಗಡೆಯ ಬಾಗಿಲು ತೆಗೆದು ಹೊಸ ಬಲ್ಬು ಹಾಕಿದೆ, ಅತ್ತೆಯ ಫೋಟೊವನ್ನು ಹೊರಗೆ ತೆಗೆದೆ. ಗಾಜಿನ ಮೇಲೂ ಅದೇ ಹಳದಿ ಜಿಡ್ಡು. ಸೆರಗಿನಿಂದ ಒರೆಸಿ, ಅಡುಗೆಮನೆಗೆ ತಂದು, ಮಸಾಲೆ ಡಬ್ಬಿಗಳ ಮೇಲಿನ ಮೊಳೆಗೆ, ಚಿಮಣಿಯ ಗಾಳಿ ತಾಗುವ ಕಡೆ ನೇತುಹಾಕಿದೆ. ಮಾಧವಣ್ಣ ಕೈಮುಗಿದ. ಗಣೇಶ ದಿನಾ ಬೆಳಿಗ್ಗೆ ಒಂದು ಸೇವಂತಿಗೆ ತಂದು ಇಡುತ್ತಾನೆ.

ಇದಾಗಿ ಎರಡು ಮಳೆಗಾಲ ಕಳೆದವು. ನನ್ನ ಕೆಮ್ಮು ನಿಂತಿದೆ. ತಾಜ್ ಬೆಳ್ಳಗಿದೆ, ಒಳಗೆ ಬಲ್ಬು ಉರಿಯುತ್ತಿದೆ, ಜೋಡಿಗಳು ಫೋಟೊ ತೆಗೆಸಿಕೊಳ್ಳುತ್ತಿವೆ. ಮಾವ ದಿನಾ ಬೆಳಿಗ್ಗೆ ಮೆತ್ತಗಿನ ಬಟ್ಟೆಯಿಂದ ಗುಮ್ಮಟ ಒರೆಸುತ್ತಾರೆ, ಮಿನಾರುಗಳನ್ನು ಒರೆಸುತ್ತಾರೆ, ಕೆತ್ತಿದ ಹೆಸರನ್ನು ಬೆರಳಿನಿಂದ ಸವರುತ್ತಾರೆ. ಒಮ್ಮೆಯೂ ಬಗ್ಗಿ ಒಳಗೆ ನೋಡಿಲ್ಲ.